ಕೊರಿಯನ್ ಆಗಬಹುದು, ಮಲಯಾಳಂ ಬೇಡ

ಭಾಷೆ ಕಲಿಯುವ ಹುಚ್ಚು ಹಿಡಿದಿದೆ ಎಂದು ಮಕ್ಕಳನ್ನು ಸಲಹೆಗಾಗಿ ನನ್ನ ಹತ್ತಿರ ಕರೆದುಕೊಂಡು ಬರುವ ಅಪ್ಪ-ಅಮ್ಮಂದಿರು ಕಾಸರಗೋಡಿನ ಕಡೆ ಈಗ ಜಾಸ್ತಿಯಾಗಿದ್ದಾರೆ. ಅದಕ್ಕೇ ಒಬ್ಬ ಹುಡುಗಿಯ ಈ ಪ್ರಕರಣ ಬರೆಯುತ್ತಿದ್ದೇನೆ. ಹುಡುಗಿಯ ಒಪ್ಪಿಗೆ ಇದೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಡಿಗ್ರಿ ಮುಗಿದಿದೆ. ಮನೆಮಾತು ತುಳು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಕೆಲಸಕ್ಕೆ ಅರ್ಜಿ ಹಾಕು ಎಂದರೆ ಹಾಕುವುದಿಲ್ಲ. ಇಡೀ ದಿನ ಮೊಬೈಲು, ನೋಟ್‌ಬುಕ್ಕು, ಭಾಷೆ.

"ತೆಂಗಿನಕಾಯಿ ಲೆಕ್ಕ ಮಾಡು ಎಂದರೆ ಹಾನಾ, ತುಲ್, ಸೆತ್ ಅಂತ ಶುರು ಮಾಡ್ತಾಳೆ ಮೇಡಂ. ಇಪ್ಪತ್ತು ದಾಟುವಾಗ ಲೆಕ್ಕವೇ ತಪ್ಪಿ ಹೋಗ್ತದೆ" ಎಂದರು ಅಮ್ಮ. ಕೊರಿಯನ್‌ನಲ್ಲಿ ವಸ್ತು ಎಣಿಸುವ ಸಂಖ್ಯೆ ಬೇರೆ, ದುಡ್ಡಿಗೆ ಹೇಳುವ ಸಂಖ್ಯೆ ಬೇರೆ ಎಂದು ಮಗಳು ಅಲ್ಲಿಯೇ ಅಮ್ಮನಿಗೆ ಪಾಠ ಮಾಡಲು ಹೊರಟಳು. ಮನೆಯ ಮೊಬೈಲನ್ನು ಜಪಾನಿ ಭಾಷೆಗೆ ಬದಲಿಸಿದ್ದಾಳಂತೆ, ರೀಚಾರ್ಜ್ ಮಾಡಬೇಕಾದರೆ ಅಪ್ಪ ಪಕ್ಕದ ಮನೆಗೆ ಹೋಗಬೇಕು. ಅಂಗಡಿಯಲ್ಲಿ ನೂರರ ನೋಟು ಕೊಡುವ ಬದಲು ಅದರ ಹಿಂಬದಿಯ ಪಟ್ಟಿಯಲ್ಲಿರುವ 15 ಭಾಷೆಗಳನ್ನು ಮೇಲಿನಿಂದ ಕೆಳಗೆ ಓದುತ್ತಾ ನಿಲ್ಲುತ್ತಾಳೆ, ಹಿಂದೆ ನಿಂತವರು ಬೈಯುತ್ತಾರೆ. ಚಿಕ್ಕಮ್ಮನ ಮಗಳ ಮದರಂಗಿ ರಾತ್ರಿ ಹನ್ನೆರಡು ಗಂಟೆಯಾದರೆ ಭಾಷೆ ಕಲಿಸುವ ಆ್ಯಪಿನಲ್ಲಿ ಸತತ ದಿನಗಳ ಲೆಕ್ಕ ತಪ್ಪಿ ಹೋಗುತ್ತದೆ ಎಂದು, ಒಂದು ಕೈಯ ಮದರಂಗಿ ಒಣಗುವ ಮೊದಲೇ ಇನ್ನೊಂದು ಕೈಯಲ್ಲಿ ಸ್ಪ್ಯಾನಿಷ್ ಪಾಠ ಮುಗಿಸಿದಳಂತೆ. ನಾವು ಮೂವರೂ ನಕ್ಕೆವು.

ಈ ಲಕ್ಷಣಗಳಲ್ಲಿ ಒಂದೂ ಕಾಯಿಲೆ ಅಲ್ಲ. ನಮ್ಮ ಮಣ್ಣಿಗೆ ಇದು ಹೊಸತೂ ಅಲ್ಲ. ಮಂಜೇಶ್ವರದ ಗೋವಿಂದ ಪೈಗಳು (1883–1963) ಗ್ರೀಕ್, ಲ್ಯಾಟಿನ್ ಸೇರಿ ಎಷ್ಟೊಂದು ಭಾಷೆ ಕಲಿತವರು, ಅದನ್ನು ಹೆಮ್ಮೆಯಿಂದ ಹೇಳುವವರು ನಾವೇ ಅಲ್ವಾ? ಹಾಗಾಗಿ ಮೊಬೈಲು ಕಿತ್ತುಕೊಳ್ಳಿ ಎಂದು ನಾನು ಹೇಳಲಿಲ್ಲ. ಮುಂದಿನ ಸಲ ನೋಟ್‌ಬುಕ್ಕುಗಳನ್ನೆಲ್ಲ ತಾ ಎಂದೆ.

ತಂದಳು. ಕೊರಿಯನ್, ಜಪಾನಿ, ಜರ್ಮನ್, ಸ್ಪ್ಯಾನಿಷ್, ಟರ್ಕಿಷ್. ಚಂದದ ಅಕ್ಷರ, ಕ್ರಿಯಾಪದಕ್ಕೆ ಹಸಿರು ಶಾಯಿ, ತಪ್ಪಿಗೆ ಕೆಂಪು. ಸುಮ್ನೆ ಕುತೂಹಲಕ್ಕೆ ಕೇಳಿದೆ, ನಿಮ್ಮ ಮನೆಯ ಜಗಲಿಯಲ್ಲಿ ಕೂತರೆ ಎಷ್ಟು ಭಾಷೆ ಕೇಳುತ್ತದೆ? ಬೆರಳು ಮಡಚಿದಳು. ತುಳು, ಕನ್ನಡ, ಕೊಂಕಣಿ, ಮರಾಠಿ. ಆಚೆ ಮನೆಯ ಬ್ಯಾರಿ. ಉಪ್ಪಳದಿಂದ ಮೀನು ತರುವವನ ಉರ್ದು. ಅಲ್ಲಿಗೆ ನಿಂತಳು.

"ಮಲಯಾಳಂ?"

"ಅದು ಬೇಡ ಮೇಡಂ."

ನಾನು ಮತ್ತೆ ಕೇಳಲಿಲ್ಲ, ಕಾದೆ. ಜಪಾನಿ ನೋಟ್‌ಬುಕ್ಕಿನ ಮೂಲೆಯನ್ನು ಮಡಚುತ್ತಾ ಬಿಡಿಸುತ್ತಾ ಕೂತಿದ್ದಳು. ಆಮೇಲೆ ಹೇಳಿದಳು, "ಜಪಾನಿನವರು ನನ್ನನ್ನು ನೋಡಿ ನಗುವುದಿಲ್ಲ ಅಲ್ವಾ?"

ಹತ್ತನೇ ಕ್ಲಾಸಿನ ನಂತರ ಪ್ಲಸ್ ವನ್‌ಗೆ ಸೇರಿದ ಮೊದಲ ವಾರ ಎದ್ದು ನಿಂತು ಮಲಯಾಳಂನಲ್ಲಿ ಪರಿಚಯ ಹೇಳಬೇಕಿತ್ತು. ಅರ್ಧ ಕನ್ನಡ ಬಂತು, ಹಣ್ಣಿಗೆ ಪೞಂ ಎನ್ನಬೇಕಾದಲ್ಲಿ ಪಳಂ ಬಂತು, ಕ್ಲಾಸಿಡೀ ನಕ್ಕಿತು, ಪಾಠ ಮಾಡುವವರೂ ನಕ್ಕರು. ಎರಡು ವರ್ಷ ಅದೇ ಅವಳ ಅಡ್ಡಹೆಸರು. ಅಂದಿನಿಂದ ಅವಳು ಮಲಯಾಳಂನಲ್ಲಿ ಬಾಯಿ ಬಿಟ್ಟಿಲ್ಲ. ಸರ್ಕಾರಿ ಅರ್ಜಿಗಳ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರಕ್ಕೆ ಅಪ್ಪನನ್ನೇ ಕಳಿಸುತ್ತಾಳೆ. ಕೆಲಸದ ಅರ್ಜಿ ಹಾಕದಿರುವುದು ಸೋಮಾರಿತನದಿಂದ ಅಲ್ಲ, ಇಂಟರ್‌ವ್ಯೂ ಮಲಯಾಳಂನಲ್ಲಿ ಇರಬಹುದು ಎಂಬ ಹೆದರಿಕೆಯಿಂದ.

ಹೆದರಿಕೆ ಹುಟ್ಟಿಸುವ ಜಾಗದಿಂದ ತಪ್ಪಿಸಿಕೊಂಡರೆ ಆ ಕ್ಷಣಕ್ಕೆ ಹಾಯೆನಿಸುತ್ತದೆ. ಆ ಹಾಯೆನಿಸುವುದೇ ಹೆದರಿಕೆಯನ್ನು ಸಾಕುತ್ತದೆ. ಇವಳಿಗೆ ತಪ್ಪಿಸಿಕೊಳ್ಳಲು ಸಿಕ್ಕಿದ್ದು ಬಹಳ ಒಳ್ಳೆಯ ಜಾಗ, ಎಲ್ಲರೂ ಹೊಗಳುವಂಥದ್ದು. ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ, ಅವಳಿಗೂ.

ನಾನು ಕೊಟ್ಟ ಸಲಹೆ ಇಷ್ಟು. ಇಷ್ಟದ ಒಂದು ಭಾಷೆ ಇಟ್ಟುಕೋ, ಉಳಿದದ್ದಕ್ಕೆ ಸ್ವಲ್ಪ ರಜೆ ಕೊಡು. ಅವಳು ಜಪಾನಿ ಇಟ್ಟುಕೊಂಡಳು, ಆ ಭಾಷೆಯ ಪರೀಕ್ಷೆಯಾದ ಜೆಎಲ್‌ಪಿಟಿಯ ಮೊದಲ ಮೆಟ್ಟಿಲು ಎನ್5 ಪರೀಕ್ಷೆಗೆ ಓದುತ್ತಾಳೆ. ಜೊತೆಗೆ ಮಲಯಾಳಂ, ಆದರೆ ಆ್ಯಪಿನಲ್ಲಿ ಅಲ್ಲ, ಮನುಷ್ಯರ ಜೊತೆ. ಮೊದಲು ಕಾಞಂಗಾಡಿನ ಬಸ್ಸು ಹತ್ತಿ "ಒರು ಕಾಞಂಗಾಡ್" ಎಂದು ಟಿಕೆಟು ಕೇಳುವುದು, ಅಷ್ಟೇ. ಅದು ಸುಲಭ ಆದ ಮೇಲೆ ಅಂಗಡಿಯಲ್ಲಿ ಕ್ರಯ ವಿಚಾರಿಸುವುದು. ಆಮೇಲೆ ಅಕ್ಷಯ ಕೇಂದ್ರ, ಅಪ್ಪ ಹೊರಗೆ ನಿಲ್ಲಬೇಕು. ಯಾರಾದರೂ ನಕ್ಕರೆ ಅಲ್ಲಿಂದ ಓಡಬಾರದು, ಹೇಳಲು ಹೊರಟ ವಾಕ್ಯ ಮುಗಿಸಿಯೇ ಬರಬೇಕು. ಅಮ್ಮನಿಗೂ ಒಂದು ಮಾತು ಹೇಳಿದೆ, ನೆಂಟರ ಎದುರು "ಇವಳಿಗೆ ಹತ್ತು ಭಾಷೆ ಬರ್ತದೆ" ಎಂದು ಮಾತಾಡಿಸಿ ತೋರಿಸಬೇಡಿ.

ಇದನ್ನು ಕೇಳಿದ ಪರಿಚಯದವರೊಬ್ಬರು ಸಿಟ್ಟಾದರು. ಕನ್ನಡದ ಹುಡುಗಿಗೆ ಮಲಯಾಳಂ ಕಲಿ ಎಂದು ನೀವೇ ಹೇಳುವುದಾ ಎಂದರು. ಹೌದು, ಹೇಳಿದೆ, ಇನ್ನೂ ಹೇಳುತ್ತೇನೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಾವು ಇಲ್ಲಿ ಏನೇನು ಕಳೆದುಕೊಂಡೆವು ಎಂದು ನನಗೆ ಗೊತ್ತು. 2017ರಲ್ಲಿ ಶಾಲೆಗಳಲ್ಲಿ ಮಲಯಾಳಂ ಕಡ್ಡಾಯ ಮಾಡುವ ಕಾನೂನು ಬಂದಾಗ ಇಲ್ಲಿನ ಕನ್ನಡಿಗರು ಬೀದಿಗಿಳಿದದ್ದು ಸರಿಯೇ ಎಂದು ನಂಬಿದವಳು ನಾನು. ಕನ್ನಡ ಶಾಲೆಗೆ ಕನ್ನಡ ಬಲ್ಲ ಟೀಚರ್ ಬೇಕು, ಅರ್ಜಿ ಫಾರಂ ಕನ್ನಡದಲ್ಲಿ ಬೇಕು, ಅದು ನಮ್ಮ ಹಕ್ಕು. ಆದರೆ ಹಕ್ಕಿನ ಹೋರಾಟ ಬೇರೆ, ಒಂದು ಹುಡುಗಿ ನಗುವಿಗೆ ಹೆದರಿ ಮನೆಯೊಳಗೆ ಕೂರುವುದು ಬೇರೆ. ಕನ್ನಡದ ಫಾರಂ ಕೊಡಿ ಎಂದು ಕೌಂಟರಿನಲ್ಲಿ ಜಗಳ ಮಾಡಲಿಕ್ಕೂ ಅವಳಿಗೆ ಬಾಯಿ ಬೇಕಲ್ಲ? ಮೊಬೈಲ್ ಚಟ ಎಂದು ಹೆಸರಿಟ್ಟು ಫೋನು ಬೀಗ ಹಾಕಿ ಇಡಬಹುದಿತ್ತು ಎಂದು ಇನ್ನೊಬ್ಬರು ಹೇಳಿದರು. ಹಾಗೆ ಮಾಡಿದ್ದರೆ ಅವಳಿಗೆ ಇದ್ದ ಒಂದೇ ಖುಷಿಯೂ ಹೋಗುತ್ತಿತ್ತು, ಹೆದರಿಕೆ ಇದ್ದಲ್ಲೇ ಇರುತ್ತಿತ್ತು.

ನಿಮ್ಮ ಮನೆಯಲ್ಲೂ ಇಂಥ ಮಗ, ಮಗಳು ಇದ್ದರೆ ಬೈಯುವ ಮೊದಲು ಅವರು ಕಲಿಯುತ್ತಿರುವ ಭಾಷೆಗಳ ಪಟ್ಟಿ ಕೇಳಿ. ಪಕ್ಕದಲ್ಲೇ ಇದ್ದೂ ಆ ಪಟ್ಟಿಯಲ್ಲಿ ಇಲ್ಲದ ಭಾಷೆ ಯಾವುದು ಎಂದು ನೋಡಿ. ಯಾಕೆ ಎಂದು ಕೂಡಲೇ ಕೇಳಬೇಡಿ, ಅವರೇ ಹೇಳುವವರೆಗೆ ಕಾಯಿರಿ.

ಹುಡುಗಿ ಈಗ ಅಂಗಡಿಯವರೆಗೆ ಬಂದಿದ್ದಾಳೆ. ಬಸ್ಸಿನಲ್ಲಿ ಒಮ್ಮೆ ಕಂಡಕ್ಟರ್ ನಕ್ಕನಂತೆ. ಅವಳು ಚಿಲ್ಲರೆ ಎಣಿಸಿ ತೆಗೆದುಕೊಂಡು, ಎರಡು ರೂಪಾಯಿ ಕಡಿಮೆ ಉಂಟು ಎಂದು ಮಲಯಾಳಂನಲ್ಲೇ ಹೇಳಿದಳಂತೆ. ಅಕ್ಷಯ ಕೇಂದ್ರಕ್ಕೆ ಇನ್ನೂ ಹೋಗಿಲ್ಲ.