ಇಂಗ್ಲಿಷ್ ತಡವರಿಸೋಳಿಗೆ ರಿಸರ್ಚ್ ಯಾಕೆ ಅಂತಾರೆ, ಏನ್ ಮಾಡ್ಲಿ?

ಪ್ರಶ್ನೆ: ಮೇಡಂ, ನಾನು ಎಂಬಿಬಿಎಸ್ ಎರಡನೇ ವರ್ಷ. ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ, ಅಪ್ಪ ಅವ್ವ ಕೂಲಿ ಮಾಡ್ತಾರೆ. ನಮ್ಮೂರಲ್ಲಿ ರಕ್ತ ಕಮ್ಮಿ ಅಂತ ಹೆಂಗಸ್ರಿಗೆ ಕಬ್ಬಿಣದ ಗುಳಿಗಿ ಕೊಡ್ತಾರೆ, ನಮ್ಮವ್ವನೂ ಸೇರಿ ಸುಮಾರು ಜನ ತಗೊಳ್ಳಲ್ಲ, ಡಬ್ಬಿಯಲ್ಲೇ ಉಳಿತಾವೆ. ಯಾಕೆ ಅಂತ ತಿಳ್ಕೊಳೋ ಆಸೆ. ಗೈಡ್ ಆಗ್ತೀರಾ ಅಂತ ಒಬ್ರು ಸರ್‌ನ ಕೇಳಿದ್ರೆ ಮೊದ್ಲು ಇಂಗ್ಲಿಷ್ ಸರಿ ಮಾಡ್ಕೋ ಅಂದ್ರು. ಡಾಕ್ಟರ್ ಆಗಿ ಸೈಂಟಿಸ್ಟೂ ಆಗೋದು ನಮ್ಮಂಥೋರಿಗೆ ಅಲ್ವಾ?
- ರಾಯಚೂರು ಜಿಲ್ಲೆಯ ವಿದ್ಯಾರ್ಥಿನಿ

ಉತ್ತರ: ತಂಗಿ, ನಿನ್ ಪತ್ರನ ಎರಡು ಸಲ ಓದ್ದೆ. ಕರ್ನಾಟಕದಲ್ಲಿ ಹತ್ರ ಹತ್ರ ಅರ್ಧದಷ್ಟು ಹೆಂಗಸ್ರಿಗೆ ರಕ್ತಹೀನತೆ ಇದೆ, ಗುಳಿಗೆ ಪುಕ್ಕಟೆ ಸಿಗುತ್ತೆ, ಆದ್ರೂ ಡಬ್ಬಿಯಲ್ಲೇ ಉಳಿಯುತ್ತೆ. ಹೊಟ್ಟೆ ತೊಳಸುತ್ತೆ, ಮಲ ಕಪ್ಪಗಾಗುತ್ತೆ, ಮಲಬದ್ಧತೆ ಆಗುತ್ತೆ, ಇವೆಲ್ಲ ಪುಸ್ತಕದಲ್ಲಿದೆ, ಇನ್ನೇನೇನಿದೆ ಅನ್ನೋದು ನಿಮ್ಮವ್ವ ನಿಂಗೆ ಹೇಳ್ತಾರೆ, ನಂಗೆ ಹೇಳಲ್ಲ.

ನಿನ್ ಊರ ಮಾತು ಯಾಕೆ ಬೇಕು ಅನ್ನೋದಕ್ಕೆ ಒಂದು ಘಟನೆ ಹೇಳ್ತೀನಿ. ಒಂದು ಸ್ಟಡಿಗೆ ಒಬ್ರು ಅಜ್ಜಿ ಹತ್ರ ಒಪ್ಪಿಗೆ ಪತ್ರ ಓದ್ತಿದ್ದೆ, 'ಸ್ವಯಂಪ್ರೇರಿತ ಸಮ್ಮತಿ' ಅಂತೆಲ್ಲ ಇತ್ತು, ಅಜ್ಜಿ ಸೆರಗಿನ ಚುಂಗು ಸುತ್ತಿಕೊಳ್ತಾ ಹೆಬ್ಬೆಟ್ಟು ಮುಂದೆ ಮಾಡಿಬಿಟ್ರು. ಜೊತೆಗಿದ್ದ ಜೂನಿಯರ್ ಹುಡುಗಿ ಆ ಕಡೆಯವಳೇ, ಪಕ್ಕದಲ್ಲಿ ಕೂತು 'ಯಮ್ಮಾ, ನೀ ಒಲ್ಲೆ ಅಂದ್ರೂ ನಿನ್ನ ಗುಳಿಗಿ ನಿಲ್ಸಂಗಿಲ್ಲ' ಅಂದ್ಲು. ಅಜ್ಜಿ ಕೈ ಹಿಂದಕ್ಕೆ ತಗೊಂಡು 'ಹಂಗಾದ್ರ ಬ್ಯಾಡ' ಅಂದ್ರು. ಅವತ್ತು ನಂಗೆ ನಾಚಿಕೆ ಆಯ್ತು, ಅದಕ್ಕೆ ಮುಂಚೆ ಎಷ್ಟು ಜನ ಭಯಕ್ಕೆ ಹೆಬ್ಬೆಟ್ಟು ಒತ್ತಿದ್ರೋ.

ಅಮೆರಿಕದ್ದೂ ಒಂದು ಹೇಳ್ಬೇಕು. ಕೋವಿಡ್ ಟೈಮಲ್ಲಿ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ನೋಡೋಕೆ ಬೆರಳಿಗೆ ಹಾಕ್ತಿದ್ರಲ್ಲ ಪಲ್ಸ್ ಆಕ್ಸಿಮೀಟರ್, ಅದು ಆಕ್ಸಿಜನ್ ಕಮ್ಮಿಯಾಗಿರೋದನ್ನ ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಸಲ ಹಿಡಿಯದೇ ಬಿಡುತ್ತೆ ಅಂತ ಅಲ್ಲಿ 2020ರಲ್ಲಿ ಒಂದು ಸ್ಟಡಿ ಬಂತು. ಅಷ್ಟೊತ್ತಿಗಾಗ್ಲೇ ಆಸ್ಪತ್ರೆಗಳಲ್ಲಿ ದಶಕಗಳಿಂದ ಬಳಸ್ತಿದ್ರು. ಪರೀಕ್ಷೆ ಮಾಡೋರಲ್ಲೂ ಮಾಡಿಸ್ಕೊಳ್ಳೋರಲ್ಲೂ ಆ ಬಣ್ಣದ ಬೆರಳು ಸಾಕಷ್ಟು ಇದ್ದಿದ್ರೆ ಈ ತಪ್ಪು ಗೊತ್ತಾಗೋಕೆ ಇಷ್ಟು ವರ್ಷ ಬೇಕಾಗ್ತಿರ್ಲಿಲ್ಲ ಅಂತ ನನ್ನ ನಂಬಿಕೆ.

ಈಗ ನಿನ್ ವಿಷಯ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಎಸ್‌ಟಿಎಸ್ ಅಂತ ವಿದ್ಯಾರ್ಥಿಗಳಿಗೇ ಅಂತ ಇರೋ ರಿಸರ್ಚ್ ಯೋಜನೆ ಇದೆ, 1979ರಿಂದ ನಡೀತಿದೆ, ಎಂಬಿಬಿಎಸ್ ಓದ್ತಿರೋವಾಗ್ಲೇ ಎರಡು ತಿಂಗಳ ಪ್ರಾಜೆಕ್ಟ್, ನಿಮ್ ಕಾಲೇಜಿನ ಯಾರಾದ್ರೂ ಗೈಡ್ ಆಗ್ಬೇಕು. ಸ್ಟೈಪೆಂಡ್ ಬರೋದು ರಿಪೋರ್ಟ್ ಒಪ್ಪಿಗೆ ಆದ ಮೇಲೆ, ಬಸ್ ಚಾರ್ಜು ಜೆರಾಕ್ಸು ಎಲ್ಲ ಮೊದ್ಲು ಕೈಯಿಂದ ಹಾಕ್ಬೇಕು, ಕೂಲಿ ಮನೆ ಮಕ್ಕಳು ಜಾರೋದು ಇಲ್ಲೇ. ಇದನ್ನ ಓದ್ತಿರೋ ಮೇಷ್ಟ್ರುಗಳೇ, ದಯವಿಟ್ಟು ಆ ದುಡ್ಡನ್ನ ಡಿಪಾರ್ಟ್ಮೆಂಟಿಂದ ಮುಂಗಡ ಕೊಡಿ, ಪ್ರಾಜೆಕ್ಟ್ ಇದೆ ಅಂತ ನೋಟಿಸ್ ಬೋರ್ಡಲ್ಲಿ ಹಾಕಿ, ನಿಮ್ ಚೇಂಬರಿಗೆ ಧೈರ್ಯವಾಗಿ ಬರೋ ನಾಲ್ಕು ಮಕ್ಕಳಿಗೆ ಮಾತ್ರ ಹೇಳ್ಬೇಡಿ.

ಮುಂದೆ ಮದುವೆ ಮಕ್ಕಳು ಅಂತ ಗ್ಯಾಪ್ ಆದ್ರೂ ದಾರಿ ಮುಚ್ಚಲ್ಲ, ರಿಸರ್ಚ್ ಮಾಡೋರಿಗೆ ದುಡ್ಡು ಕೊಡೋ ಇಂಡಿಯಾ ಅಲಯನ್ಸ್ ಫೆಲೋಶಿಪ್‌ಗೆ ವಯಸ್ಸಿನ ಮಿತಿ ಇಲ್ಲ. ವೆಲ್ಲೂರಿನ ಸಿಎಂಸಿಯಲ್ಲಿ ಓದಿ ಮಕ್ಕಳ ಭೇದಿ ಮೇಲೆ ಕೆಲ್ಸ ಮಾಡಿದ ಗಗನ್‌ದೀಪ್ ಕಾಂಗ್, ಎಂಡಿ ಆದ್ಮೇಲೆ ಪಿಎಚ್‌ಡಿ ಮಾಡಿದೋರು, 2019ರಲ್ಲಿ ಬ್ರಿಟನ್ನಿನ ಹೆಸರಾಂತ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿಗೆ ಆಯ್ಕೆಯಾದ, ಭಾರತದಲ್ಲೇ ಕೆಲ್ಸ ಮಾಡ್ತಿದ್ದ ಮೊದಲ ಭಾರತೀಯ ಮಹಿಳೆ.

ಇಂಗ್ಲಿಷ್ ಬರುತ್ತೆ, ಬರೀತಾ ಬರೀತಾ ಬರುತ್ತೆ, ನಂಗೂ ಹಾಗೇ ಬಂದಿದ್ದು. ನಿನ್ ಪ್ರಶ್ನೆನ ಒಂದೇ ಪುಟದಲ್ಲಿ ಕನ್ನಡದಲ್ಲೇ ಬರಿ, ಕಮ್ಯುನಿಟಿ ಮೆಡಿಸಿನ್ ಡಿಪಾರ್ಟ್ಮೆಂಟಿಗೆ ಹೋಗು, ಒಬ್ರು ಬೇಡ ಅಂದ್ರೆ ಪಕ್ಕದ ರೂಮಿಗೆ ಹೋಗು. ಸ್ಟಡಿಯಲ್ಲಿ ಸೇರೋರಿಗೆ ಅನ್ಯಾಯ ಆಗದ ಹಾಗೆ ನೋಡ್ಕೊಳ್ಳೋ ಎಥಿಕ್ಸ್ ಕಮಿಟಿ ಒಪ್ಪಿಗೆ ಕೈಗೆ ಬರೋ ತನಕ ಸ್ಟಡಿಗೆ ಅಂತ ಒಬ್ರನ್ನೂ ಕೇಳ್ಬೇಡ, ನಿಮ್ಮವ್ವನ್ನೂ ಸಹ.