ಬೂಸ್ಟರ್ ಪಂಪನ್ನು ಬೈಯುವ ಮುಂಚೆ ನೀರಿನ ದಾರಿ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಈಜುಕೊಳದ ಬೂಸ್ಟರ್ ಪಂಪಿನ ದೂರುಗಳೇ ಜಾಸ್ತಿ. ಹಾಗಾಗಿ ಬೇರೆ ಪಂಪುಗಳನ್ನು ಪಕ್ಕಕ್ಕಿಟ್ಟು ಇದೊಂದಕ್ಕೇ ಕೂತಿದ್ದೇನೆ. ಗೊತ್ತಿಲ್ಲದವರಿಗೆ ಎರಡು ಮಾತು: ಕೊಳದ ನೀರನ್ನು ಫಿಲ್ಟರ್ ಮೂಲಕ ತಿರುಗಿಸುವುದು ಮೇನ್ ಪಂಪ್. ಫಿಲ್ಟರ್ ದಾಟಿ ಕೊಳಕ್ಕೆ ವಾಪಸ್ ಹೋಗುವ ನೀರಿನಲ್ಲಿ ಒಂದಿಷ್ಟನ್ನು ತೆಗೆದುಕೊಂಡು, ಅದರ ಒತ್ತಡ ಏರಿಸಿ, ತಳದಲ್ಲಿ ಓಡಾಡಿ ಕಸ ಗುಡಿಸುವ ಕ್ಲೀನರ್‌ಗೆ ಕಳಿಸುವ ಚಿಕ್ಕ ಪಂಪೇ ಬೂಸ್ಟರ್.

ಪ್ರಶ್ನೆ: ಸರ್, ಬೂಸ್ಟರ್ ಹಾಕಿದ ತಕ್ಷಣ ಒಳಗೆ ಜಲ್ಲಿ ಕಲ್ಲು ಉರುಳಿದ ಹಾಗೆ ಸದ್ದು. ಕ್ಲೀನರ್ ತೆವಳುತ್ತದೆ. ರಿಪೇರಿಗೆ ಬಂದವರು ಬೇರಿಂಗ್ ಹೋಗಿದೆ, ಮೋಟರೇ ಬದಲಿಸಿ ಅಂದರು. ಮೋಟರಿಗೆ ಅಂಥ ವಯಸ್ಸೇನೂ ಆಗಿಲ್ಲ. ಇತ್ತೀಚೆಗೆ ಮಾಡಿದ ಬದಲಾವಣೆ ಅಂದರೆ ಮೇನ್ ಪಂಪ್ ತೆಗೆದು ವೇರಿಯಬಲ್ ಸ್ಪೀಡ್ (ವೇಗ ಹೆಚ್ಚು ಕಮ್ಮಿ ಮಾಡಬಹುದಾದ) ಪಂಪ್ ಹಾಕಿಸಿದ್ದು, ಅಷ್ಟೇ.

ಉತ್ತರ: ಸದ್ಯಕ್ಕೆ ಮೋಟರ್ ಕೊಳ್ಳಬೇಡಿ. ಉತ್ತರ ನಿಮ್ಮ ಪತ್ರದ ಕೊನೇ ಸಾಲಿನಲ್ಲೇ ಇದೆ.

ಬೂಸ್ಟರ್ ಪಂಪ್ ನೀರನ್ನು ತಾನಾಗಿ ಎಳೆದುಕೊಳ್ಳುವುದಿಲ್ಲ. ಬಂದ ನೀರಿಗೆ ಒತ್ತಡ ಸೇರಿಸುವುದಷ್ಟೇ ಅದರ ಕೆಲಸ. ನೀರು ಕೊಡಬೇಕಾದದ್ದು ಮೇನ್ ಪಂಪ್. ನಿಮ್ಮ ಹಳೇ ಪಂಪ್ ಯಾವಾಗಲೂ ಪೂರ್ತಿ ವೇಗದಲ್ಲಿ ಓಡುತ್ತಿತ್ತು, ಬೂಸ್ಟರಿಗೆ ಹೊಟ್ಟೆ ತುಂಬ ನೀರು ಸಿಗುತ್ತಿತ್ತು. ಹೊಸದನ್ನು ಕರೆಂಟ್ ಉಳಿಯಲಿ ಅಂತ ನಿಧಾನಕ್ಕೆ ಇಟ್ಟಿರುತ್ತೀರಿ, ಅಲ್ವಾ? ಆಸೆ ತಪ್ಪಲ್ಲ. ವೇಗ ಅರ್ಧಕ್ಕೆ ಇಳಿಸಿದರೆ ಲೆಕ್ಕದ ಪ್ರಕಾರ ಪಂಪಿಗೆ ಬೇಕಾದ ಶಕ್ತಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಅದೇ ಲೆಕ್ಕದಲ್ಲಿ ಒತ್ತಡವೂ ಕಾಲು ಭಾಗಕ್ಕೆ ಬೀಳುತ್ತದೆ. ಅಷ್ಟು ಬಡ ನೀರಿನಲ್ಲಿ ಬೂಸ್ಟರ್ ಒದ್ದಾಡುತ್ತದೆ. ಇಂಪೆಲ್ಲರ್ (ಪಂಪಿನೊಳಗೆ ತಿರುಗಿ ನೀರು ತಳ್ಳುವ ರೆಕ್ಕೆಚಕ್ರ) ಬಾಯಿಯ ಹತ್ತಿರ ಒತ್ತಡ ತೀರಾ ಇಳಿದು ನೀರಿನಲ್ಲೇ ಆವಿಯ ಗುಳ್ಳೆಗಳು ಏಳುತ್ತವೆ, ಮುಂದಿನ ಕ್ಷಣದಲ್ಲಿ ಒಡೆಯುತ್ತವೆ. ನೀವು ಕೇಳುತ್ತಿರುವ ಜಲ್ಲಿ ಸದ್ದು ಅದೇ. ಹೀಗೇ ಬಿಟ್ಟರೆ ಇಂಪೆಲ್ಲರ್ ಸವೆಯುತ್ತದೆ, ತಿರುಗುವ ದಂಡದ (ಶಾಫ್ಟ್) ಸುತ್ತ ನೀರು ತಡೆಯುವ ಸೀಲ್ ಸುಡುತ್ತದೆ. ಆಮೇಲೆ ಬೇರಿಂಗೂ ನಿಜವಾಗಿಯೇ ಹೋಗುತ್ತದೆ, ಬಂದವರ ಮಾತು ಸತ್ಯವಾಗುತ್ತದೆ!

ಪರೀಕ್ಷೆ ಸುಲಭ. ಎರಡೂ ಪಂಪ್ ಓಡುತ್ತಿರುವಾಗ ಮೇನ್ ಪಂಪಿನ ವೇಗವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋಗಿ. ಬೂಸ್ಟರ್ ಪಕ್ಕ ಒಬ್ಬರನ್ನು ನಿಲ್ಲಿಸಿ. ಒಂದು ಹಂತದಲ್ಲಿ ಜಲ್ಲಿ ಸದ್ದು ನಿಂತು ಬರೀ ಗುಂಯ್ ಅನ್ನುವ ಮೋಟರ್ ಸದ್ದು ಉಳಿದರೆ ತೊಂದರೆ ನೀರಿನದು. ಆ ವೇಗಕ್ಕಿಂತ ತುಸು ಮೇಲೆ ಒಂದು ಸೆಟ್ಟಿಂಗ್ ಮಾಡಿ, ಕ್ಲೀನರ್ ಓಡುವ ಹೊತ್ತಿಗೆ ಮಾತ್ರ ಅದು ಬರುವ ಹಾಗೆ ಇಡಿ. ಉಳಿದ ಹೊತ್ತು ನಿಧಾನಕ್ಕೇ ಓಡಲಿ. ಬೇರಿಂಗ್ ಸದ್ದಾದರೆ ನೀರು ಹೆಚ್ಚಿದರೂ ಕಮ್ಮಿಯಾದರೂ ಅದಕ್ಕೆ ಲೆಕ್ಕವಿಲ್ಲ. ಕಿರ್ ಅಂತ ಒಂದೇ ಸಮ ಕಿರುಚುತ್ತದೆ, ಬಿಸಿಯಾದಷ್ಟೂ ಜಾಸ್ತಿ.

ವೇಗ ಏರಿಸಿದರೂ ಸದ್ದು ನಿಲ್ಲದಿದ್ದರೆ ಮೋಟರ್ ಬಿಚ್ಚುವ ಮುಂಚೆ ಫಿಲ್ಟರ್ ನೋಡಿ. ತೊಳೆದ ದಿನ ಇದ್ದದ್ದಕ್ಕಿಂತ ಒತ್ತಡದ ಗೇಜ್ 8ರಿಂದ 10 ಪಿಎಸ್‌ಐ ಮೇಲೆ ತೋರಿಸುತ್ತಿದ್ದರೆ ಬ್ಯಾಕ್‌ವಾಶ್ ಮಾಡಿ, ಅಂದರೆ ನೀರನ್ನು ಹಿಮ್ಮುಖವಾಗಿ ಹಾಯಿಸಿ ಫಿಲ್ಟರ್ ತೊಳೆಯಿರಿ. ಮೇನ್ ಪಂಪಿನ ಬುಟ್ಟಿಯಲ್ಲಿ ಎಲೆ ತುಂಬಿದೆಯಾ ನೋಡಿ. ಬೂಸ್ಟರಿಗೆ ಬರುವ ಹೋಸ್ ಮಡಚಿಕೊಂಡಿದೆಯಾ, ಬಿಸಿಗೆ ಮೆತ್ತಗಾಗಿ ಒಳಗೆ ಕುಗ್ಗಿದೆಯಾ, ಕೈಯಲ್ಲಿ ಒತ್ತಿ ನೋಡಿ. ಕುಗ್ಗಿದ ಹೋಸ್ ಹೊರಗಿನಿಂದ ಚೆನ್ನಾಗೇ ಕಾಣುತ್ತದೆ, ಕಣ್ಣನ್ನು ನಂಬಬೇಡಿ.

ಟೈಮರ್ ಕೂಡ ಒಮ್ಮೆ ನೋಡಿಬಿಡಿ. ಮೇನ್ ಪಂಪ್ ಶುರುವಾಗಿ ಅರ್ಧ ಗಂಟೆ ಆದ ಮೇಲೆ ಬೂಸ್ಟರ್ ಶುರುವಾಗಬೇಕು, ಮೇನ್ ನಿಲ್ಲುವ ಅರ್ಧ ಗಂಟೆ ಮುಂಚೆ ಇದು ನಿಲ್ಲಬೇಕು. ಎರಡಕ್ಕೂ ಬೇರೆ ಬೇರೆ ಟೈಮರ್ ಇದ್ದರೆ ಕರೆಂಟ್ ಹೋಗಿ ಬಂದಾಗ ಒಂದರ ಗಡಿಯಾರ ಹಿಂದೆ ಬೀಳಬಹುದು, ಬೂಸ್ಟರ್ ಒಂಟಿಯಾಗಿ ನೀರಿಲ್ಲದೆ ಒಣಗಿ ಓಡಬಹುದು. ಮೇನ್ ಪಂಪಿಗೆ ಕರೆಂಟ್ ಇಲ್ಲದಿದ್ದರೆ ಬೂಸ್ಟರಿಗೂ ಹೋಗದಂತೆ ಎಲೆಕ್ಟ್ರೀಷಿಯನ್ ಹತ್ತಿರ ಇಂಟರ್‌ಲಾಕ್ ಹಾಕಿಸಿ. ಬೂಸ್ಟರಿಗೆ ಮಾಡುವ ಖರ್ಚಿನಲ್ಲಿ ಇದಕ್ಕಿಂತ ಒಳ್ಳೇದು ನನಗೆ ಗೊತ್ತಿಲ್ಲ.

ಪ್ರಶ್ನೆ: ಪಂಪಿನ ಕೆಳಗೆ ಸದಾ ಒದ್ದೆ. ಜಾಯಿಂಟ್‌ಗಳಿಗೆಲ್ಲ ಟೇಪ್ ಸುತ್ತಿ, ಕ್ಲಾಂಪ್ ಬಿಗಿ ಮಾಡಿದ್ದಾಯಿತು. ಆದರೂ ತೊಟ್ಟಿಕ್ಕುವುದು ನಿಂತಿಲ್ಲ. ನಾಲ್ಕು ಹನಿ ತಾನೇ ಅಂತ ಬಿಡಬಹುದಾ?

ಉತ್ತರ: ಬಿಡಬೇಡಿ. ಹನಿ ಎಲ್ಲಿಂದ ಬೀಳುತ್ತಿದೆ ಅನ್ನುವುದೇ ಮುಖ್ಯ. ಪಂಪ್ ನಿಲ್ಲಿಸಿ, ಬಟ್ಟೆಯಿಂದ ಪೂರ್ತಿ ಒರೆಸಿ, ಕೆಳಗೆ ಒಣ ನ್ಯೂಸ್ ಪೇಪರ್ ಹಾಸಿ ಮತ್ತೆ ಓಡಿಸಿ. ಮೊದಲ ಕಲೆ ಎಲ್ಲಿ ಬಿತ್ತು ನೋಡಿ. ಹೋಸಿನ ಕೆಳಗಾದರೆ ಕ್ಲಾಂಪ್ ಅಥವಾ ತ್ರೆಡ್. ಪ್ಲಾಸ್ಟಿಕ್ ಪಂಪ್ ಭಾಗ ಮತ್ತು ಮೋಟರ್ ಸೇರುವ ಸಂದಿಯ ಕೆಳಗಾದರೆ ಒಳಗಿನ ಮೆಕ್ಯಾನಿಕಲ್ ಸೀಲ್ ಹೋಗಿದೆ. ಹೊರಗೆ ಎಷ್ಟು ಟೇಪ್ ಸುತ್ತಿದರೂ ಅದು ನಿಲ್ಲುವುದಿಲ್ಲ.

ಸೀಲ್ ಸೋರಿದರೆ ಆ ನೀರು ಶಾಫ್ಟ್ ಉದ್ದಕ್ಕೂ ನುಗ್ಗಿ ಮುಂದಿನ ಬೇರಿಂಗಿಗೆ ಹೋಗುತ್ತದೆ. ಕ್ಲೋರಿನ್ ಇರುವ ನೀರು, ಗ್ರೀಸ್ ತೊಳೆದು ತುಕ್ಕು ಹಿಡಿಸುತ್ತದೆ. ಇವತ್ತಿನ ಸೀಲು ನಾಳೆಯ ಮೋಟರು. ಸಂದಿಯ ಕೆಳಗೆ ಕಂದು ಬಣ್ಣದ ಗೆರೆ ಇಳಿದಿದ್ದರೆ ಈ ಕೆಲಸ ಆಗಲೇ ಶುರುವಾಗಿದೆ ಅಂತ ಅರ್ಥ.

ಸೀಲ್ ಬದಲಿಸುವುದು ಮನೆಯಲ್ಲೇ ಆಗುವ ಕೆಲಸ, ತಾಳ್ಮೆ ಬೇಕು ಅಷ್ಟೇ. ಸ್ವಿಚ್ ಮಾತ್ರ ಅಲ್ಲ, ಬ್ರೇಕರನ್ನೇ ಇಳಿಸಿ. ಎರಡೂ ಕಡೆಯ ನೀರು ಬಂದ್ ಮಾಡಿ, ಹೋಸ್ ಬಿಚ್ಚಿ. ಮುಂದಿನ ಕವರ್ ತೆಗೆದರೆ ಇಂಪೆಲ್ಲರ್ ಕಾಣುತ್ತದೆ. ಅದು ಶಾಫ್ಟಿನ ತ್ರೆಡ್ಡಿಗೆ ತಿರುಗಿಸಿ ಕೂರಿಸಿದ್ದು. ಶಾಫ್ಟನ್ನು ಹಿಂದಿನಿಂದ ಹಿಡಿಯಬೇಕು. ಸಾಮಾನ್ಯವಾಗಿ ಮೋಟರಿನ ಹಿಂದಿನ ಮುಚ್ಚಳದ ಒಳಗೆ ಶಾಫ್ಟ್ ತುದಿಯಲ್ಲಿ ಸ್ಕ್ರೂಡ್ರೈವರ್ ಕೂರುವ ಸೀಳು ಅಥವಾ ಸ್ಪ್ಯಾನರ್ ಹಿಡಿಯುವ ಚಪ್ಪಟೆ ಜಾಗ ಇರುತ್ತದೆ. ಅಲ್ಲಿ ಹಿಡಿದು ಇಂಪೆಲ್ಲರನ್ನು ಅಪ್ರದಕ್ಷಿಣವಾಗಿ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಬಿಗಿಯಾಗಿದ್ದರೆ ಸುತ್ತಿಗೆ ತರಬೇಡಿ, ಇಂಪೆಲ್ಲರ್ ಪ್ಲಾಸ್ಟಿಕ್.

ಸೀಲಿನಲ್ಲಿ ಎರಡು ಭಾಗ. ರಬ್ಬರ್ ಬಟ್ಟಲಿನಲ್ಲಿ ಕೂತ ಬಿಳಿ ಸೆರಾಮಿಕ್ ಬಳೆ ಒಂದು. ಸ್ಪ್ರಿಂಗಿನ ಮೇಲೆ ಕೂತ ಕಪ್ಪು ಕಾರ್ಬನ್ ಬಳೆ ಇನ್ನೊಂದು. ಒಂದು ನಿಂತಿರುತ್ತದೆ, ಇನ್ನೊಂದು ಅದರ ಮೇಲೆ ಉಜ್ಜುತ್ತಾ ತಿರುಗುತ್ತದೆ. ಈ ಎರಡು ನುಣ್ಣನೆ ಮುಖಗಳ ನಡುವೆ ಕೂದಲೆಳೆಗಿಂತ ತೆಳುವಾದ ನೀರಿನ ಪೊರೆ ಇರುತ್ತದೆ, ಅದೇ ಅವಕ್ಕೆ ಎಣ್ಣೆ. ಹಳೇ ಸೆರಾಮಿಕ್ ಮುಖವನ್ನು ಬೆಳಕಿಗೆ ಹಿಡಿದು ನೋಡಿ. ಅಲ್ಲಿ ಕೂದಲಿನಂಥ ಬಿರುಕುಗಳು ಕಂಡರೆ ಪಂಪ್ ಒಣಗಿ ಓಡಿದೆ. ಕಾರಣ ಸರಿ ಮಾಡದೆ ಬರೀ ಸೀಲ್ ಹಾಕಿದರೆ ಅದೂ ಹೀಗೇ ಆಗುತ್ತದೆ.

ಹೊಸದನ್ನು ಕೂರಿಸುವಾಗ ನುಣ್ಣನೆ ಮುಖಗಳಿಗೆ ಬೆರಳು ತಾಗಿಸಬೇಡಿ. ತಾಗಿದರೆ ಸ್ವಚ್ಛ ಮೆತ್ತನೆ ಬಟ್ಟೆಯಿಂದ ಒರೆಸಿ. ರಬ್ಬರ್ ಜಾರದಿದ್ದರೆ ಸೋಪಿನ ನೀರು ಸವರಿ. ಗ್ರೀಸ್, ಎಂಜಿನ್ ಆಯಿಲ್ ಬೇಡ. ಸೆರಾಮಿಕ್ಕಿನ ಹೊಳೆಯುವ ಮುಖ ಕಾರ್ಬನ್ ಕಡೆಗೇ ಇರಬೇಕು. ತಿರುವುಮುರುವಾಗಿ ಕೂತರೆ ಆ ದಿನವೇ ಸೋರುತ್ತದೆ. ಕವರಿನ ಓ-ರಿಂಗನ್ನೂ ಇದೇ ಕೈಯಲ್ಲಿ ಬದಲಿಸಿಬಿಡಿ. ಮುಗಿದ ಮೇಲೆ ಕೈಯಲ್ಲಿ ಶಾಫ್ಟ್ ತಿರುಗಿಸಿ ನೋಡಿ, ಎಲ್ಲೂ ತಗುಲಬಾರದು. ನೀರು ಬಿಟ್ಟು, ಮೇನ್ ಪಂಪ್ ಓಡಿಸಿ, ಗಾಳಿ ಹೋದ ಮೇಲಷ್ಟೇ ಬೂಸ್ಟರ್ ಹಾಕಿ. ಒಂದು ಕ್ಷಣವೂ ಒಣ ಪರೀಕ್ಷೆ ಬೇಡ.

ಕೈಯಲ್ಲಿ ತಿರುಗಿಸುವಾಗ ಗರಗರ ಅನ್ನಿಸಿದರೆ ಬೇರಿಂಗೂ ಹೋಗಿದೆ. ಈ ಅಳತೆಯ ಮೋಟರುಗಳಲ್ಲಿ 6203 ಬೇರಿಂಗ್ ಬಹಳ ಕಡೆ ಸಿಗುತ್ತದೆ: ಒಳಗೆ 17 ಮಿ.ಮೀ., ಹೊರಗೆ 40, ದಪ್ಪ 12. ಆದರೂ ಹಳೇದರ ಮೇಲಿನ ನಂಬರ್ ಓದಿಯೇ ತನ್ನಿ. ಎರಡೂ ಕಡೆ ರಬ್ಬರ್ ಮುಚ್ಚಿದ, ಕೊನೆಗೆ 2ಆರ್‌ಎಸ್ ಅಂತ ಬರೆದದ್ದನ್ನೇ ಕೇಳಿ. ಬೇರಿಂಗ್ ಕಳಚಲು ಪುಲ್ಲರ್ ಬೇಕು. ಅದಿಲ್ಲದಿದ್ದರೆ ಮೋಟರ್ ವೈಂಡಿಂಗ್ ಅಂಗಡಿಗೆ ಕೊಡುವುದೇ ವಾಸಿ.

ಪ್ರಶ್ನೆ: ಮಳೆಗಾಲ ಪೂರ್ತಿ ಕೊಳ ಬಂದ್ ಇತ್ತು. ಈಗ ಬೂಸ್ಟರ್ ಹಾಕಿದರೆ ಹುಂ ಅನ್ನುತ್ತದೆ, ತಿರುಗುವುದಿಲ್ಲ. ಸ್ವಲ್ಪ ಹೊತ್ತಿಗೆ ತಾನೇ ನಿಲ್ಲುತ್ತದೆ, ಆಮೇಲೆ ಮತ್ತೆ ಹುಂ.

ಉತ್ತರ: ಅದನ್ನು ಹಾಗೆ ಹುಂ ಅನ್ನಿಸುತ್ತಾ ಇಡಬೇಡಿ. ತಿರುಗದ ಮೋಟರ್ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ತಾನೇ ನಿಲ್ಲುವುದು ಬಿಸಿ ಮೀರಿದಾಗ ಕರೆಂಟ್ ಕಡಿಯುವ ಒಳಗಿನ ಥರ್ಮಲ್ ಓವರ್‌ಲೋಡ್‌ನ ಪುಣ್ಯದಿಂದ. ಅದು ತಣ್ಣಗಾಗಿ ಮತ್ತೆ ಕೂಡಿಕೊಳ್ಳುತ್ತದೆ. ಇದೇ ಆಟ ನಡೆದರೆ ವೈಂಡಿಂಗ್ ಸುಡುತ್ತದೆ.

ಬ್ರೇಕರ್ ಇಳಿಸಿ ಶಾಫ್ಟನ್ನು ಕೈಯಲ್ಲಿ ತಿರುಗಿಸಿ. ತಿರುಗದಿದ್ದರೆ ಬಹಳ ದಿನ ಸುಮ್ನೆ ನಿಂತು ಕಾರ್ಬನ್, ಸೆರಾಮಿಕ್ ಒಂದಕ್ಕೊಂದು ಅಂಟಿರಬಹುದು, ಇಲ್ಲವೇ ಇಂಪೆಲ್ಲರಿಗೆ ಮರಳು ಕಚ್ಚಿರಬಹುದು. ಹಿಂದೆ ಮುಂದೆ ಮೆಲ್ಲಗೆ ಆಡಿಸಿದರೆ ಎಷ್ಟೋ ಸಲ ಬಿಟ್ಟುಕೊಳ್ಳುತ್ತದೆ. ಸಲೀಸಾಗಿ ತಿರುಗಿತೋ, ಆಗ ಅನುಮಾನ ಮೋಟರ್ ಶುರುವಾಗಲು ನೆರವಾಗುವ ಕೆಪಾಸಿಟರ್ ಮೇಲೆ. ಕರೆಂಟ್ ತೆಗೆದರೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ. ರೆಸಿಸ್ಟರ್ ಅಥವಾ ಹಳೇ ಬಲ್ಬ್ ಹಾಕಿದ ಹೋಲ್ಡರಿನ ವೈರ್ ತಾಗಿಸಿ ಇಳಿಸಿ, ಆಮೇಲೆ ಮುಟ್ಟಿ. ಹೊಟ್ಟೆ ಉಬ್ಬಿದ್ದರೆ, ಎಣ್ಣೆ ಒಸರಿದ್ದರೆ ಅಳೆಯುವುದೇ ಬೇಡ, ಎಸೆಯಿರಿ. ನೋಡಲು ಚೆನ್ನಾಗಿದ್ದರೆ ಮೀಟರಿನಲ್ಲಿ ಮೈಕ್ರೋಫ್ಯಾರಡ್ ನೋಡಿ ಮೇಲೆ ಬರೆದದ್ದಕ್ಕೆ ಹೋಲಿಸಿ. ಹೊಸದು ಅದೇ ಮೈಕ್ರೋಫ್ಯಾರಡ್ ಇರಲಿ. ವೋಲ್ಟೇಜ್ ಅಷ್ಟೇ ಅಥವಾ ಜಾಸ್ತಿ, ಕಮ್ಮಿ ಆಗಬಾರದು.

ಕೆಪಾಸಿಟರ್ ಸರಿ ಇದ್ದು, ಮೋಟರಿನಲ್ಲಿ ಸೆಂಟ್ರಿಫ್ಯೂಗಲ್ ಸ್ವಿಚ್ (ವೇಗ ಬಂದ ಮೇಲೆ ಶುರು ಮಾಡುವ ಸರ್ಕ್ಯೂಟನ್ನು ಬಿಡಿಸುವ ಸ್ವಿಚ್) ಇದ್ದರೆ ಹಿಂದಿನ ಮುಚ್ಚಳ ತೆಗೆದು ಅದರ ಪಾಯಿಂಟುಗಳ ನಡುವೆ ನೋಡಿ. ನಗಬೇಡಿ, ಇರುವೆ ಇರುತ್ತದೆ. ನಿಂತ ಮೋಟರಿನ ಬೆಚ್ಚನೆ ಗೂಡು ಅವಕ್ಕೆ ಇಷ್ಟ. ಎರಡು ಇರುವೆ ನಡುವೆ ಸಿಕ್ಕಿ ಸತ್ತರೂ ಸಾಕು, ಪಾಯಿಂಟ್ ಕೂಡುವುದಿಲ್ಲ. ಬ್ರಷ್‌ನಿಂದ ಗುಡಿಸಿ.

ಪ್ರಶ್ನೆ: ಬೂಸ್ಟರ್ ಸದ್ದಿಲ್ಲದೆ ಓಡುತ್ತಿದೆ, ಸೋರಿಕೆ ಇಲ್ಲ. ಆದರೂ ಕ್ಲೀನರ್ ಇಳಿಜಾರು ಹತ್ತುವುದಿಲ್ಲ. ಪಂಪ್ ವೀಕ್ ಆಗಿದೆಯಾ?

ಉತ್ತರ: ಇರಬಹುದು, ಆದರೆ ಮೊದಲು ಪಂಪಿನಿಂದ ಆಚೆ ನೋಡಿ ಮೇಡಂ. ಗೋಡೆಯ ಹತ್ತಿರ ಹೋಸ್ ಸೇರುವ ಕನೆಕ್ಟರಿನೊಳಗೆ ಬೆರಳಗಲದ ಜಾಲರಿ ಇರುತ್ತದೆ. ಅದರಲ್ಲಿ ಫಿಲ್ಟರಿನ ಮರಳು, ಪೈಪ್ ಕೊಯ್ದ ಪ್ಲಾಸ್ಟಿಕ್ ಚೂರು ಕೂತಿರುತ್ತದೆ. ತೆಗೆದು ತೊಳೆಯಿರಿ. ಮರಳು ಜಾಸ್ತಿ ಸಿಕ್ಕರೆ ಫಿಲ್ಟರ್ ಒಳಗೆ ಏನೋ ಮುರಿದಿದೆ, ಅದನ್ನೂ ನೋಡಿಸಿ. ಆಮೇಲೆ ಪಂಪ್ ಓಡುತ್ತಿರುವಾಗ ತೇಲುವ ಹೋಸಿನ ಉದ್ದಕ್ಕೂ ಕೈ ಆಡಿಸಿ. ನೀರೊಳಗೇ ಎಲ್ಲಾದರೂ ಸಣ್ಣ ಚಿಲುಮೆ ಕೈಗೆ ತಾಗಿದರೆ ಒತ್ತಡ ಅಲ್ಲೇ ಸೋರಿಹೋಗುತ್ತಿದೆ.

ಗಾಲಿ ಇರುವ ಕ್ಲೀನರ್ ಆದರೆ ಒಂದು ಗಾಲಿಗೆ ಟೇಪ್ ಗುರುತು ಹಾಕಿ, ನೀರಿನ ಮಟ್ಟದಿಂದ ಸ್ವಲ್ಪ ಕೆಳಗೇ ಎತ್ತಿ ಹಿಡಿದು ಒಂದು ನಿಮಿಷದ ಸುತ್ತು ಎಣಿಸಿ. ಪೋಲಾರಿಸ್ 280ಕ್ಕೆ 28ರಿಂದ 32 ಸುತ್ತು ಸರಿ. ಬೇರೆ ಮಾಡೆಲ್ಲಿಗೆ ಅದರ ಕೈಪಿಡಿ ನೋಡಿ. ಜಾಲರಿ, ಹೋಸ್ ಎಲ್ಲ ಸರಿ ಇದ್ದೂ ಸುತ್ತು ಕಮ್ಮಿ ಬಂದರೆ ಆಗ ಪಂಪ್ ಬಿಚ್ಚಿ. ಇಂಪೆಲ್ಲರಿನ ರೆಕ್ಕೆಗಳ ಸಂದು ಬಹಳ ಕಿರಿದು, ಒಂದು ಬೀಜ ಕೂತರೂ ಸಾಕು.

ಪ್ರಶ್ನೆ: 60 ಹರ್ಟ್ಜ್ ಅಂತ ಬರೆದ ಬೂಸ್ಟರ್ ಕೈಗೆ ಬಂದಿದೆ. ನಮ್ಮಲ್ಲಿ 50 ಹರ್ಟ್ಜ್. ವೋಲ್ಟೇಜ್ ಒಂದೇ. ಓಡಿಸಬಹುದಾ?

ಉತ್ತರ: ತಿರುಗುತ್ತದೆ, ಕೆಲಸ ಮಾಡುವುದಿಲ್ಲ. ವೇಗ ಶೇ. 83ಕ್ಕೆ ಇಳಿಯುತ್ತದೆ, ಒತ್ತಡ ಶೇ. 70ರ ಸುತ್ತ. ಬೂಸ್ಟರ್ ಇರುವುದೇ ಒತ್ತಡಕ್ಕಾಗಿ ಅಲ್ವಾ? ಮೇಲಾಗಿ ಅದೇ ವೋಲ್ಟೇಜಿನಲ್ಲಿ ಹರ್ಟ್ಜ್ ಇಳಿದರೆ ಮೋಟರ್ ಬಿಸಿ ಜಾಸ್ತಿ. ಬೇಡ.

ಪ್ರಶ್ನೆ: ಮನೆಯ ನಲ್ಲಿಗಳಿಗೆ ಹಾಕುವ ಪ್ರೆಶರ್ ಬೂಸ್ಟರ್ ಒಂದು ಖಾಲಿ ಇದೆ. ಅದನ್ನೇ ಕ್ಲೀನರ್‌ಗೆ ಹಾಕಲೇ?

ಉತ್ತರ: ಬೇಡ. ಅದು ಕ್ಲೋರಿನ್ ನೀರಿಗೆ ಮಾಡಿದ್ದಲ್ಲ, ಗಂಟೆಗಟ್ಟಲೆ ಒಂದೇ ಸಮ ಓಡಲು ಮಾಡಿದ್ದೂ ಅಲ್ಲ.

ಪ್ರಶ್ನೆ: ಬೂಸ್ಟರ್ ಹಾಕಿದರೆ ಆರ್‌ಸಿಸಿಬಿ (ಕರೆಂಟ್ ಭೂಮಿಗೆ ಸೋರಿದರೆ ತಾನೇ ಕಡಿಯುವ ಸ್ವಿಚ್) ಬೀಳುತ್ತದೆ. ಒಣಗಿದ ದಿನ ಬೀಳುವುದಿಲ್ಲ. ಎಲೆಕ್ಟ್ರೀಷಿಯನ್ ಆರ್‌ಸಿಸಿಬಿ ತೆಗೆದು ನೇರ ಕೊಡೋಣ ಅಂತಾರೆ.

ಉತ್ತರ: ಅವರಿಗೆ ನಮಸ್ಕಾರ ಹೇಳಿ ಕಳಿಸಿ. ಈಜುವವರ ನೀರಿಗೆ ತಾಗಿಕೊಂಡಿರುವ ಮೋಟರ್ ಅದು. ಜೀವ ಕಾಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಬೀಳುತ್ತಿದೆ ಅಂದರೆ ಎಲ್ಲೋ ಕರೆಂಟ್ ಭೂಮಿಗೆ ಸೋರುತ್ತಿದೆ. ಬ್ರೇಕರ್ ಇಳಿಸಿ ಮೋಟರಿನ ಟರ್ಮಿನಲ್ ಬಾಕ್ಸ್ ತೆರೆದರೆ ತೇವ ಅಥವಾ ಹಸಿರು ಹಿಡಿದ ತಾಮ್ರ ಸಿಗಬಹುದು. ಒಣಗಿಸಿ, ಕೇಬಲ್ ಬರುವ ತೂತಿಗೆ ನೀರು ನುಗ್ಗದಂತೆ ಬಿಗಿಯುವ ಸರಿಯಾದ ಗ್ಲ್ಯಾಂಡ್ ಹಾಕಿಸಿ. ಆಮೇಲೂ ಬಿದ್ದರೆ ವೈರ್ ಬಿಚ್ಚಿ 500 ವೋಲ್ಟ್ ಮೆಗ್ಗರಿನಲ್ಲಿ (ಇನ್ಸುಲೇಷನ್ ಅಳೆಯುವ ಮೀಟರ್) ವೈಂಡಿಂಗಿಗೂ ಬಾಡಿಗೂ ನಡುವೆ ಅಳೆಸಿ. ಒಂದು ಮೆಗಾಓಮ್‌ಗಿಂತ ಕಮ್ಮಿ ಬಂದರೆ ಆ ಮೋಟರನ್ನು ಓಡಿಸಬೇಡಿ, ವೈಂಡಿಂಗಿಗೆ ಕಳಿಸಿ. ಇನ್ನೊಂದು ಕೇಳಿಬಿಡುತ್ತೇನೆ: ಪಂಪ್ ರೂಮಿನಲ್ಲೇ ಆಸಿಡ್ ಕ್ಯಾನ್ ಇಟ್ಟಿದ್ದೀರಾ? ಮುಚ್ಚಳ ಹಾಕಿದ್ದರೂ ಅದರ ಹೊಗೆ ಟರ್ಮಿನಲ್ಲುಗಳನ್ನು ತಿನ್ನುತ್ತದೆ. ಇಟ್ಟಿದ್ದರೆ ಇವತ್ತೇ ಬೇರೆ ಕಡೆ ಇಡಿ.