ಮುಂದಿನ ಚಕ್ರದ ‘ಗುಂಯ್’ ಸದ್ದು: ಬೇರಿಂಗೋ, ಟೈರೋ?

ಪ್ರಶ್ನೆ: ನನ್ನದು 2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 72,000 ಕಿ.ಮೀ. ಓಡಿದೆ. ಗಂಟೆಗೆ 40 ಕಿ.ಮೀ. ದಾಟಿದರೆ ಮುಂದಿನ ಎಡಚಕ್ರದ ಕಡೆಯಿಂದ ‘ಗುಂಯ್’ ಅನ್ನುವ ಸದ್ದು ಬರುತ್ತದೆ, ವೇಗ ಏರಿದಂತೆ ಜೋರಾಗುತ್ತದೆ. ಗ್ಯಾರೇಜಿನವರು ಮೊದಲು ಬ್ರೇಕ್ ಪ್ಯಾಡ್ ಹಾಕಿದರು, ಆಮೇಲೆ ಲಿಂಕ್ ರಾಡ್ ಬದಲಾಯಿಸಿದರು. ಸದ್ದು ಹಾಗೇ ಇದೆ. ಈಗ ಎರಡೂ ಕಡೆ ಬೇರಿಂಗ್ ಹಾಕಿಸಿ ಅನ್ನುತ್ತಿದ್ದಾರೆ. ಹಾಕಿಸಲೇ?
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಈಗಲೇ ಬೇಡ. ಇನ್ನೊಂದು ಬಿಡಿಭಾಗಕ್ಕೆ ದುಡ್ಡು ಸುರಿಯುವ ಮೊದಲು ಒಂದು ಗಂಟೆ ಪರೀಕ್ಷೆಗೆ ಕೊಡಿ. ಲಿಂಕ್ ರಾಡ್ (ಸಸ್ಪೆನ್ಷನ್ನಿನ ಜೋಡಣೆ ಕಡ್ಡಿ) ಹೋದರೆ ಹಂಪು, ಗುಂಡಿಗಳಲ್ಲಿ ‘ಕಟಕಟ’ ಅನ್ನುತ್ತದೆಯೇ ಹೊರತು ನುಣುಪು ರಸ್ತೆಯಲ್ಲಿ ಗುಂಯ್‌ಗುಡುವುದಿಲ್ಲ. ಪ್ಯಾಡಿನ ಸದ್ದು ಬ್ರೇಕ್ ಮುಟ್ಟಿದ ಕೂಡಲೇ ಬದಲಾಗುತ್ತದೆ. ವೇಗದ ಜೊತೆ ಏರುವ ಸದ್ದಿಗೆ ಮುಖ್ಯವಾಗಿ ಎರಡು ಕಾರಣ: ಚಕ್ರದ ಬೇರಿಂಗ್, ಇಲ್ಲವೇ ಏರುಪೇರಾಗಿ ಸವೆದ ಟೈರ್.

ಎಡಗಡೆಯದೇ ಎಂದೂ ಈಗಲೇ ನಂಬಬೇಡಿ. ಸದ್ದು ಬಾಡಿಯ ತಗಡಿನಲ್ಲಿ ಹರಿದು ಎಲ್ಲೋ ಹುಟ್ಟಿದ್ದು ಇನ್ನೆಲ್ಲೋ ಕೇಳುತ್ತದೆ. ಎಲ್ಲಿಂದ ಕೇಳುತ್ತದೆ ಎನ್ನುವುದಕ್ಕಿಂತ ಏನು ಮಾಡಿದಾಗ ಬದಲಾಗುತ್ತದೆ ಎನ್ನುವುದೇ ಮುಖ್ಯ.

ಬೆಳಿಗ್ಗೆ ಬೇಗ, ಖಾಲಿಯಿರುವ ನೇರ ರಸ್ತೆಯಲ್ಲಿ 60ಕ್ಕೆ ಹೋಗಿ, ಕೆಲವು ಕ್ಷಣ ನ್ಯೂಟ್ರಲ್‌ಗೆ ಹಾಕಿ. ಎಂಜಿನ್ ಆಫ್ ಮಾಡಲೇಬೇಡಿ. ಎಂಜಿನ್ ವೇಗ ಇಳಿದರೂ ಸದ್ದು ಇಳಿಯದಿದ್ದರೆ ದೋಷ ಚಕ್ರದ ಕಡೆಗಿದೆ. ಮತ್ತೆ ಗೇರಿಗೆ ಹಾಕಿ, 50ರ ವೇಗದಲ್ಲಿ ಲೇನಿನೊಳಗೇ ಸ್ಟೀರಿಂಗನ್ನು ನಿಧಾನವಾಗಿ ಬಲಕ್ಕೆ, ಎಡಕ್ಕೆ ವಾಲಿಸಿ. ಬಲಕ್ಕೆ ತಿರುಗಿಸಿದಾಗ ಭಾರ ಎಡಚಕ್ರದ ಮೇಲೆ ಬೀಳುತ್ತದೆ. ಆಗ ಸದ್ದು ಏರಿ, ಎಡಕ್ಕೆ ವಾಲಿದಾಗ ಇಳಿದರೆ ಎಡ ಬೇರಿಂಗ್ ಮೇಲೆ ಅನುಮಾನ ಪಡಬಹುದು. ಡಾಂಬರಿನಿಂದ ವೈಟ್ ಟಾಪಿಂಗ್ (ಕಾಂಕ್ರೀಟ್) ರಸ್ತೆಗೆ ಅದೇ ವೇಗದಲ್ಲಿ ಇಳಿದಾಗ ಸದ್ದಿನ ದನಿಯೇ ಬದಲಾದರೆ ಟೈರನ್ನು ಮೊದಲು ನೋಡಿ. ಗೆರೆ ಕೊರೆದ ಕಾಂಕ್ರೀಟಿನ ಮೇಲೆ ಹೊಸ ಟೈರೂ ಸ್ವಲ್ಪ ಗುಂಯ್‌ಗುಡುತ್ತದೆ, ಹಾಗಾಗಿ ಬರೀ ಅಂಥ ರಸ್ತೆಯಲ್ಲಿ ಓಡಿಸಿ ತೀರ್ಮಾನಿಸಬೇಡಿ.

ಟೈರಿನ ಮೇಲೆ ಅಂಗೈಯನ್ನು ಒಳಅಂಚಿನಿಂದ ಹೊರಕ್ಕೆ, ಮತ್ತೆ ಹೊರಗಿನಿಂದ ಒಳಕ್ಕೆ ಸವರಿ. ಒಂದು ಕಡೆಗೆ ನುಣುಪಾಗಿ, ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ತಗುಲಿದರೆ ಅಲೈನ್‌ಮೆಂಟ್ ತಪ್ಪಿ ಸವೆದಿದೆ ಎಂದರ್ಥ. ಒಳಅಂಚು ಹೊರಗಿನಿಂದ ಕಾಣುವುದಿಲ್ಲವಾದ್ದರಿಂದ ಸ್ಟೀರಿಂಗ್ ಪೂರ್ತಿ ತಿರುಗಿಸಿ ನೋಡಿ. ಖಚಿತವಾಗಬೇಕೆಂದರೆ ಎಡ ಮುಂದಿನ ಚಕ್ರವನ್ನು ಎಡ ಹಿಂದಕ್ಕೆ ಹಾಕಿಸಿ, ಹಿಂದಿನದನ್ನು ಮುಂದಕ್ಕೆ ತನ್ನಿ. ಸದ್ದು ಹಿಂದಕ್ಕೆ ಹೋದರೆ ಟೈರೇ ಕಾರಣ. ಪಂಕ್ಚರ್ ಅಂಗಡಿಯಲ್ಲೇ ಮುಗಿಯುವ ಕೆಲಸ ಇದು.

ಸದ್ದು ಮುಂದೆಯೇ ಉಳಿದರೆ ಚಕ್ರ ಎತ್ತಿ. ಸಮತಟ್ಟಾದ ನೆಲ, ಹಿಂದಿನ ಚಕ್ರಗಳಿಗೆ ಅಡ್ಡಕಲ್ಲು, ಹ್ಯಾಂಡ್‌ಬ್ರೇಕ್, ಜಾಕಿಯ ಜೊತೆಗೆ ಗಟ್ಟಿ ಸ್ಟ್ಯಾಂಡ್. ಬರೀ ಜಾಕಿಯ ಮೇಲೆ ನಿಂತ ಕಾರಿನಡಿ ಕೈಹಾಕಬಾರದು. ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲುಗಿಸಿ: ಆಟವಿದ್ದರೆ, ಅಂದರೆ ಸಡಿಲವಾಗಿ ಅಲುಗಿದರೆ, ಬೇರಿಂಗ್ ಅಥವಾ ಬಾಲ್ ಜಾಯಿಂಟ್ (ಸಸ್ಪೆನ್ಷನ್ನಿನ ಗುಂಡುಕೀಲು) ಕಾರಣ. ಎಡ-ಬಲ ಹಿಡಿದಾಗ ಮಾತ್ರ ಆಟ ಸಿಕ್ಕರೆ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಕೀಲಾದ ಟೈ ರಾಡ್ ಎಂಡ್ ನೋಡಿಸಿ. ಆಟ ಇಲ್ಲದಿದ್ದರೂ ಬೇರಿಂಗ್ ಸರಿಯಿದೆ ಎನ್ನಲಾಗದು. ಗೇರು ನ್ಯೂಟ್ರಲ್‌ನಲ್ಲಿಟ್ಟು ಒಬ್ಬರು ಚಕ್ರವನ್ನು ಕೈಯಲ್ಲಿ ತಿರುಗಿಸಲಿ, ಇನ್ನೊಬ್ಬರು ಸಸ್ಪೆನ್ಷನ್ ಸ್ಪ್ರಿಂಗನ್ನು ಮೆಲ್ಲಗೆ ಮುಟ್ಟಿರಲಿ, ಬೆರಳು ಚಕ್ರದಿಂದ ದೂರವಿರಲಿ. ಬೇರಿಂಗ್ ಹೋಗಿದ್ದರೆ ಮರಳಿನ ಮೇಲೆ ಉರುಳಿದಂಥ ಅದುರು ಸ್ಪ್ರಿಂಗಿಗೆ ಬರುತ್ತದೆ. ಬಲಚಕ್ರದಲ್ಲೂ ಹೀಗೇ ಮಾಡಿ ಹೋಲಿಸಿ.

ಬೇರಿಂಗ್ ಎಂದಾದರೆ ಗ್ಯಾರೇಜಿನಲ್ಲಿ ಹೈಡ್ರಾಲಿಕ್ ಪ್ರೆಸ್ ಇದೆಯೇ ಎಂದು ಮೊದಲೇ ಕೇಳಿ. ಸಣ್ಣ ಕಾರುಗಳಲ್ಲಿ ಬೇರಿಂಗನ್ನು ನಕಲ್‌ಗೆ (ಚಕ್ರವನ್ನು ಹೊರುವ ಲೋಹದ ಭಾಗಕ್ಕೆ) ಒತ್ತಿ ಕೂರಿಸುವುದೇ ಹೆಚ್ಚು. ಒತ್ತಡ ಬೇರಿಂಗಿನ ಹೊರಬಳೆಯ ಮೇಲೆ ಬೀಳಬೇಕು. ಒಳಬಳೆಯ ಮೇಲೆ ಒತ್ತಿದರೆ, ಸುತ್ತಿಗೆಯಲ್ಲಿ ಬಡಿದರೆ ಗುಂಡುಗಳು ತಮ್ಮ ದಾರಿಯಲ್ಲಿ ಗುರುತು ಮೂಡಿಸಿ, ಹೊಸ ಬೇರಿಂಗೂ ಬೇಗ ಗುಂಯ್‌ಗುಡುತ್ತದೆ. ‘ಬೇರಿಂಗ್ ಹಾಕಿಸಿದರೂ ಸದ್ದು ಹೋಗಲಿಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಈ ಸುತ್ತಿಗೆಯೇ ಇರುತ್ತದೆ. ಎಬಿಎಸ್‌ಗೆ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆಗೆ) ಬೇಕಾದ ಅಯಸ್ಕಾಂತದ ಉಂಗುರ ಬೇರಿಂಗಿನಲ್ಲೇ ಇದ್ದರೆ ಅದು ಸೆನ್ಸರ್ ಕಡೆಗಿರಬೇಕು. ತಿರುಗಿಸಿ ಹಾಕಿದರೆ ಎಬಿಎಸ್ ದೀಪ ಹತ್ತುತ್ತದೆ. ಬೇರಿಂಗನ್ನು ಹಿಡಿದಿಡುವ ಸರ್ಕ್ಲಿಪ್ಪು, ಆಕ್ಸಲ್ ನಟ್ಟು ಹೊಸದಿರಲಿ. ನಟ್ಟನ್ನು ಕಂಪನಿ ಹೇಳಿದ ಬಿಗಿಗೇ ಟಾರ್ಕ್ ರೆಂಚಿನಲ್ಲಿ ತಿರುಗಿಸಲಿ. ಶಾಕ್ ಅಬ್ಸಾರ್ಬರ್ ಬೋಲ್ಟು ಬಿಚ್ಚಿದ್ದರೆ ಅಲೈನ್‌ಮೆಂಟೂ ಮಾಡಿಸಿ.

ಚಕ್ರದಲ್ಲಿ ಆಟ ಕಂಡರೆ ಕಾರು ಓಡಿಸಬೇಡಿ, ಆ ಚಕ್ರ ನೆಲ ಮುಟ್ಟದಂತೆ ಎತ್ತಿಸಿ ಸಾಗಿಸಿ.

ಎರಡೂ ಕಡೆ ಬೇಕೇ ಎಂದಿರಿ. ಹೋದದ್ದು ಒಂದಾದರೆ ಒಂದೇ ಸಾಕು. ಹಳೆಯ ಬೇರಿಂಗನ್ನು ಕೇಳಿ ಪಡೆದು ಬಳೆಯ ಒಳಮೈ ನೋಡಿ. ಹಾಳಾದ ಬಳೆಯ ಹೊಳಪಿನ ಮಧ್ಯೆ ಸೂಜಿಮೊನೆಯಷ್ಟು ಗುಳಿಗಳು ಕಾಣುತ್ತವೆ. ಗ್ರೀಸ್ ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಮಳೆಗಾಲದಲ್ಲಿ ಅಂಡರ್‌ಪಾಸಿನಂಥ ಕಡೆ ನೀರು ಹೊಕ್ಕಿರಬೇಕು. ಬಲಚಕ್ರವೂ ಅದೇ ನೀರು ದಾಟಿರುವುದರಿಂದ ಆರು ತಿಂಗಳೊಳಗೆ ಅದನ್ನೂ ಒಮ್ಮೆ ಎತ್ತಿ ತಿರುಗಿಸಿ ನೋಡಿ.